ಮೇಲೇಳದ ಗುಳ್ಳೆ

ಚಹಾಕ್ಕೆ ನೀರಿಟ್ಟಾಗ ಪಾತ್ರೆಯ ತಳ ನೋಡಿ. ಮೊದಲು ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಆಮೇಲೆ ಒಂದರ ಹಿಂದೊಂದು ಮೇಲೆದ್ದು ಕೊತಕೊತ ಕುದಿತ. ಈ ಗುಳ್ಳೆಗಳನ್ನು ಮೇಲೆ ಕಳಿಸೋದು ಬೆಂಕಿಯಲ್ಲ, ಗುರುತ್ವ. ಭಾರದ ನೀರು ಕೆಳಗೆ ಸರಿಯುತ್ತೆ, ಹಗುರ ಆವಿ ಮೇಲೇಳುತ್ತೆ.

ಭೂಮಿ ಸುತ್ತೋ ನೌಕೆಯಲ್ಲಿ ಮೇಲೆ-ಕೆಳಗೆ ಅನ್ನೋದೇ ಇಲ್ಲವಲ್ಲ! ಹಾಗಾದರೆ ಅಲ್ಲಿ ಗುಳ್ಳೆ ಎತ್ತ ಹೋಗುತ್ತೆ?

1990ರ ದಶಕದಲ್ಲಿ ನಾಸಾ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಪೇಸ್ ಶಟಲ್‌ನಲ್ಲಿ ಫ್ರಿಯಾನ್ ದ್ರವ ಕುದಿಸಿ ಚಿತ್ರೀಕರಿಸಿದರು. ಎಷ್ಟು ಚಂದದ ದೃಶ್ಯ ಅದು! ಪುಟ್ಟ ಗುಳ್ಳೆಗಳು ಒಂದನ್ನೊಂದು ನುಂಗಿ, ಒಂದೇ ದೊಡ್ಡ ಗುಳ್ಳೆಯಾಗಿ, ತುಳುಕಾಡುತ್ತಾ ಹೀಟರ್ ಹತ್ತಿರವೇ ಉಳಿದುಬಿಡುತ್ತವೆ.

ಅಪಾಯ ಇರೋದೂ ಅಲ್ಲೇ. ಇಲ್ಲಿ ಭೂಮಿ ಮೇಲೆ ಗುಳ್ಳೆ ಶಾಖ ಹೊತ್ತು ಹೊರಟರೆ, ಆ ಜಾಗಕ್ಕೆ ತಣ್ಣನೆ ನೀರು ನುಗ್ಗುತ್ತೆ. ಅಲ್ಲಿ ಆವಿಯ ಕಂಬಳಿ ಹೊದ್ದ ಹೀಟರ್ ಒಣಗಿ, ಬಿಸಿ ಸರ್ರನೆ ಏರಬಹುದು.

ಬಾಹ್ಯಾಕಾಶದಲ್ಲಿರೋ ರಾಕೆಟ್ಟಿಗೂ ಇಂಥದೇ ತೊಡಕು. ಅದರ ಟ್ಯಾಂಕಿನ ಇಂಧನವಾದ ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಗೇ ಕುದಿಯುತ್ತೆ. ಆವಿಯಿಂದ ಏರಿದ ಒತ್ತಡ ಇಳಿಸಲು ಕವಾಟ ತೆರೆದರೆ, ದ್ರವ ತಳದಲ್ಲಿ ನಿಲ್ಲದ ಕಾರಣ ಆವಿಯ ಬದಲು ಇಂಧನವೇ ಹೊರಚಿಮ್ಮಬಹುದು. ಅದಕ್ಕೇ ಮೊದಲು ಪುಟ್ಟ ಎಂಜಿನ್ ಉರಿಸಿ ರಾಕೆಟ್ಟನ್ನು ಮೆಲ್ಲಗೆ ಮುಂದೆ ತಳ್ಳುತ್ತಾರೆ. ದ್ರವ ಹಿಂದೆ ಸರಿದು ತಳ ಸೇರುತ್ತೆ. ಆಮೇಲಷ್ಟೇ ಕವಾಟ ತೆರೆಯೋದು.