ಹಳೆಯ ಯಂತ್ರದ ನೀರಗಂಟಿಗಳು

ಹಬ್ಬಕ್ಕೆ ಊರಿಗೆ ಹೊರಡುವವರು ರೈಲು ಟಿಕೆಟ್‌ಗಾಗಿ ಪಡುವ ಪಾಡು ಎಲ್ಲರಿಗೂ ಗೊತ್ತಿರುವುದೇ. ಮುಂಗಡ ಕಾಯ್ದಿರಿಸುವಿಕೆ ಆರಂಭವಾದ ಕೆಲವೇ ನಿಮಿಷಗಳಲ್ಲಿ ಬರ್ತ್‌ಗಳು ಮುಗಿದು ನಿರೀಕ್ಷಣಾ ಪಟ್ಟಿ ಬೆಳೆಯತೊಡಗುತ್ತದೆ. ಸೀಟು ಸಿಗದವರು ರೈಲ್ವೆಯನ್ನು ಶಪಿಸುತ್ತಾರೆ, ಸಿಕ್ಕವರು ಅದೃಷ್ಟವನ್ನು ನೆನೆಯುತ್ತಾರೆ. ದೇಶದ ಮೂಲೆಮೂಲೆಯ ಕೌಂಟರ್‌ಗಳಿಂದ, ಲಕ್ಷಾಂತರ ಮೊಬೈಲ್‌ಗಳಿಂದ ಏಕಕಾಲಕ್ಕೆ ನುಗ್ಗಿಬರುವ ಕೋರಿಕೆಗಳ ನಡುವೆ ಒಂದು ಬರ್ತನ್ನು ಒಬ್ಬರಿಗೆ ಮಾತ್ರ ಹಂಚುವ ಯಂತ್ರ ಯಾವುದು, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವವರು ಮಾತ್ರ ಕಡಿಮೆ.

ಉತ್ತರ ಸಂಸತ್ತಿನ ದಾಖಲೆಯಲ್ಲಿದೆ. ಆಗ ಬಳಕೆಯಲ್ಲಿದ್ದ ಪ್ರಯಾಣಿಕರ ಕಾಯ್ದಿರಿಸುವಿಕೆ ವ್ಯವಸ್ಥೆ 2010ರಲ್ಲಿ ಅನುಷ್ಠಾನಗೊಂಡದ್ದು, ಇಟೇನಿಯಂ ಸರ್ವರ್‌ಗಳ ಮೇಲೆ ಓಪನ್‌ವಿಎಂಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ನಡೆಯುತ್ತಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ತಿಳಿಸಿತು. ನಿಮಿಷಕ್ಕೆ ಸುಮಾರು 25,000 ಟಿಕೆಟ್ ನೀಡುವ ಅದರ ಸಾಮರ್ಥ್ಯವನ್ನು ನಾಲ್ಕು ಪಟ್ಟು ಹೆಚ್ಚಿಸಲು ಯಂತ್ರಾಂಶ, ತಂತ್ರಾಂಶ, ಜಾಲ ಎಲ್ಲವನ್ನೂ ಬದಲಿಸಲಾಗುವುದೆಂದೂ ಹೇಳಿತು. ಸಾಮರ್ಥ್ಯದ ಅಂಕಿ ಸುದ್ದಿಯಾಯಿತು. ಆದರೆ ಓಪನ್‌ವಿಎಂಎಸ್ ಮತ್ತು ಇಟೇನಿಯಂ ಎಂಬ ಎರಡು ಹೆಸರುಗಳ ಹಿಂದಿರುವ ಕಥೆ ಆಡಳಿತದಲ್ಲಿರುವವರಿಗೆ ಆ ಅಂಕಿಗಿಂತ ದೊಡ್ಡ ಪಾಠ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1957ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನ ಮೇನಾರ್ಡ್ ಎಂಬ ಸಣ್ಣ ಪಟ್ಟಣದ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಹುಟ್ಟಿತು. 1977ರಲ್ಲಿ ಅದು ವ್ಯಾಕ್ಸ್ ಎಂಬ ಗಣಕವನ್ನೂ ಅದಕ್ಕೆಂದೇ ರೂಪಿಸಿದ ವಿಎಂಎಸ್ ಕಾರ್ಯಾಚರಣ ವ್ಯವಸ್ಥೆಯನ್ನೂ ಪ್ರಕಟಿಸಿತು. ಇದನ್ನು ಕಟ್ಟಿದವರಲ್ಲಿ ಪ್ರಮುಖರಾದ ಡೇವ್ ಕಟ್ಲರ್ ಮುಂದೆ ಮೈಕ್ರೊಸಾಫ್ಟ್ ಸೇರಿ ವಿಂಡೋಸ್ ಎನ್‌ಟಿ ರೂಪಿಸಿದರು. ಭಾರತೀಯ ರೈಲ್ವೆಯ ಗಣಕೀಕೃತ ಕಾಯ್ದಿರಿಸುವಿಕೆ 1985ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಆರಿಸಿಕೊಂಡದ್ದು ಈ ವ್ಯಾಕ್ಸ್ ಯಂತ್ರವನ್ನೇ. ಮರುವರ್ಷ ರೈಲ್ವೆ ತನ್ನದೇ ಮಾಹಿತಿ ವ್ಯವಸ್ಥೆಗಳ ಕೇಂದ್ರವಾದ ‘ಕ್ರಿಸ್’ ಸ್ಥಾಪಿಸಿತು. ಅದು ಸಿದ್ಧಪಡಿಸಿದ ‘ಕನ್ಸರ್ಟ್’ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿತು. 1999ರ ವೇಳೆಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್ ಕೇಂದ್ರಗಳು ಒಂದೇ ಜಾಲಕ್ಕೆ ಸೇರಿ, ಎಲ್ಲಿಂದ ಎಲ್ಲಿಗೆ ಬೇಕಾದರೂ ಒಂದೇ ಕಿಟಕಿಯಲ್ಲಿ ಟಿಕೆಟ್ ಪಡೆಯುವುದು ಸಾಧ್ಯವಾಯಿತು. ಬೇರೆ ಊರಿನಿಂದ ಹಿಂದಿರುಗುವ ಟಿಕೆಟ್‌ಗಾಗಿ ತಂತಿ ಕಳುಹಿಸಿ ಕಾಯುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಈ ವ್ಯವಸ್ಥೆಯನ್ನೇ ಆರಿಸಿದ್ದೇಕೆ? ಕಚೇರಿಯ ಕಾರ್ಯವಿಧಾನ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ವಿಎಂಎಸ್‌ನಲ್ಲಿ ಕಡತವೊಂದನ್ನು ತಿದ್ದಿ ಉಳಿಸಿದರೆ ಹಳೆಯದು ಅಳಿಯುವುದಿಲ್ಲ. ಹೊಸ ಆವೃತ್ತಿಗೆ ಮುಂದಿನ ಸಂಖ್ಯೆ ಬೀಳುತ್ತದೆ. ಹಿಂದಿನ ಟಿಪ್ಪಣಿಯನ್ನು ಹರಿದುಹಾಕದೆ ಅದರ ಕೆಳಗೆ ಹೊಸ ಟಿಪ್ಪಣಿ ಬರೆಯುವ ನಮ್ಮ ಕ್ರಮದಂತೆಯೇ. ಹಲವು ಯಂತ್ರಗಳನ್ನು ಜೋಡಿಸಿ ಒಂದರಂತೆ ನಡೆಸುವ ಕ್ಲಸ್ಟರ್ ಪದ್ಧತಿಯನ್ನು ಡಿಜಿಟಲ್ ಕಂಪನಿ 1983ರಲ್ಲೇ ಪ್ರಕಟಿಸಿತು. ಇಲ್ಲಿ ಪ್ರತಿ ಯಂತ್ರಕ್ಕೂ ಇಷ್ಟು ಮತ ಎಂಬ ನಿಗದಿಯಿದೆ. ಸಂಪರ್ಕ ಕಡಿದು ಯಂತ್ರಗಳು ಎರಡು ಗುಂಪಾದರೆ ಕೋರಂ ಇರುವ ಗುಂಪು ಮಾತ್ರ ಕೆಲಸ ಮುಂದುವರಿಸುತ್ತದೆ. ಕೋರಂ ಇಲ್ಲದ ಗುಂಪು ತಾನಾಗಿಯೇ ನಿಂತುಬಿಡುತ್ತದೆ. ಹೀಗಿಲ್ಲದಿದ್ದರೆ ಒಂದೇ ಬರ್ತನ್ನು ಎರಡೂ ಗುಂಪುಗಳು ಬೇರೆಬೇರೆಯವರಿಗೆ ಮಾರಿಬಿಡಬಹುದು. ಎರಡೇ ಯಂತ್ರಗಳಿರುವಲ್ಲಿ ಒಂದು ಡಿಸ್ಕಿಗೂ ಮತಾಧಿಕಾರ ಕೊಡುವ ಏರ್ಪಾಡಿದೆ. ಒಂದೊಂದೇ ಯಂತ್ರವನ್ನು ಹೊರತೆಗೆದು ದುರಸ್ತಿ ಮಾಡಿ ಮತ್ತೆ ಸೇರಿಸುತ್ತ, ಇಡೀ ವ್ಯವಸ್ಥೆ ನಿಲ್ಲದಂತೆ ನೋಡಿಕೊಳ್ಳುವುದೂ ಸಾಧ್ಯ. ಆಮ್‌ಸ್ಟರ್‌ಡ್ಯಾಮ್ ಪೊಲೀಸರ ಇಂಥದೊಂದು ಕ್ಲಸ್ಟರ್ 2007ರಲ್ಲಿ ನಿರಂತರ ಚಾಲನೆಯ ಹತ್ತು ವರ್ಷ ಪೂರೈಸಿತು.

ಇಷ್ಟು ಗಟ್ಟಿಯಾದ ವ್ಯವಸ್ಥೆಗೆ ಅಪಾಯ ಬಂದದ್ದು ಒಳಗಿನ ದೋಷದಿಂದಲ್ಲ, ಒಡೆತನ ಬದಲಾದುದರಿಂದ. ಡಿಜಿಟಲ್ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು. ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ಕೊಂಡಿತು. ವ್ಯಾಕ್ಸ್‌ನ ಬಳಿಕ ಬಂದ ಆಲ್ಫಾ ಎಂಬ ಸಮರ್ಥ ಚಿಪ್ಪನ್ನು ಕೈಬಿಟ್ಟು ಇಂಟೆಲ್‌ನ ಇಟೇನಿಯಂಗೆ ಬದಲಾಗಬೇಕೆಂದು 2001ರಲ್ಲಿ ತೀರ್ಮಾನವಾಯಿತು. ಗ್ರಾಹಕರು ಮತ್ತೆ ಹಣ ಖರ್ಚು ಮಾಡಿ ಬದಲಾದರು. ಆದರೆ ಇಟೇನಿಯಂ ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. 2011ರಲ್ಲಿ ಒರೇಕಲ್ ಇದಕ್ಕೆ ತಂತ್ರಾಂಶ ತಯಾರಿಸುವುದಿಲ್ಲವೆಂದಾಗ ಎಚ್‌ಪಿ ನ್ಯಾಯಾಲಯಕ್ಕೆ ಹೋಯಿತು. ಈ ಚಿಪ್ಪಿನ ತಯಾರಿಕೆ ನಿಲ್ಲದಿರಲೆಂದು ಎಚ್‌ಪಿಯೇ ಇಂಟೆಲ್‌ಗೆ ಹಣ ಕೊಡುತ್ತಿದ್ದ ಸಂಗತಿ ಆ ವ್ಯಾಜ್ಯದ ದಾಖಲೆಗಳಿಂದ ಹೊರಬಿತ್ತು. ತೀರ್ಪುಗಾರರ ಮಂಡಳಿ 2016ರಲ್ಲಿ ಎಚ್‌ಪಿಗೆ 300 ಕೋಟಿ ಡಾಲರ್ ಪರಿಹಾರ ಘೋಷಿಸಿತು. ವ್ಯಾಜ್ಯ ಗೆದ್ದರೂ ಚಿಪ್ ಉಳಿಯಲಿಲ್ಲ. ಇಂಟೆಲ್ 2021ರ ಜುಲೈನಲ್ಲಿ ಅದರ ಪೂರೈಕೆಯನ್ನೇ ನಿಲ್ಲಿಸಿತು. 2024ರ ಆರಂಭದಲ್ಲಿ ಲಿನಕ್ಸ್ ಕೂಡ ತನ್ನ ಮುಖ್ಯ ಆವೃತ್ತಿಯಿಂದ ಇಟೇನಿಯಂ ಬೆಂಬಲವನ್ನು ತೆಗೆದುಹಾಕಿತು.

ಅಪರೂಪದ ಕಾರ್ಯಾಚರಣ ವ್ಯವಸ್ಥೆಯೊಂದಕ್ಕೆ ಯಂತ್ರಾಂಶದ ಬೆಂಬಲವೆಂದರೆ ಏನೆಂಬುದನ್ನು ಇಲ್ಲಿ ತಿಳಿಯಬೇಕು. ನಮ್ಮ ಮನೆಯ ಗಣಕದ ಡಿಸ್ಕ್ ಕೆಟ್ಟರೆ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಬೇರೆಯದನ್ನು ಕೊಂಡು ಹಾಕಬಹುದು. ಏಕೆಂದರೆ ಡಿಸ್ಕ್ ತಯಾರಕರೆಲ್ಲರೂ ವಿಂಡೋಸ್ ಬಳಕೆದಾರರನ್ನು ಗಮನದಲ್ಲಿಟ್ಟುಕೊಂಡಿರುತ್ತಾರೆ. ಓಪನ್‌ವಿಎಂಎಸ್‌ನಲ್ಲಿ ಹಾಗಲ್ಲ. ಯಾವ ಯಂತ್ರ, ಯಾವ ಡಿಸ್ಕ್ ನಿಯಂತ್ರಕ, ಯಾವ ಜಾಲ ಕಾರ್ಡ್, ಯಾವ ಟೇಪ್ ಡ್ರೈವ್ ಎಂಬುದಕ್ಕೆಲ್ಲ ಪರೀಕ್ಷಿಸಿ ಒಪ್ಪಿದ ಪಟ್ಟಿಯಿದೆ. ಪಟ್ಟಿಯಾಚೆಗಿನ ಉಪಕರಣಕ್ಕೆ ಚಾಲಕ ತಂತ್ರಾಂಶ ಬರೆದುಕೊಡುವವರಿಲ್ಲ. ಬರೆದರೆ ಕೊಳ್ಳುವವರೂ ಬೆರಳೆಣಿಕೆ. ಆದ್ದರಿಂದ ಬಿಡಿಭಾಗ ಸಿಗದಿದ್ದಾಗ ಇತರರು ತ್ಯಜಿಸಿದ ಯಂತ್ರಗಳನ್ನು ಹುಡುಕಿ ಅವುಗಳಿಂದ ಕಳಚಿ ತರಬೇಕಾಗುತ್ತದೆ. ಹೊಸ ಗಣಕದ ಮೇಲೆ ಹಳೆಯ ಯಂತ್ರದ ವರ್ತನೆಯನ್ನೇ ಅನುಕರಿಸುವ ತಂತ್ರಾಂಶ ಹಾಕಿಕೊಳ್ಳುವುದು ಇನ್ನೊಂದು ದಾರಿ.

ಮೂರನೆಯ ದಾರಿಯೂ ತೆರೆಯಿತು. ಎಚ್‌ಪಿ 2013ರಲ್ಲಿ ಈ ವ್ಯವಸ್ಥೆಯ ಅಂತ್ಯದ ವೇಳಾಪಟ್ಟಿ ಪ್ರಕಟಿಸಿದಾಗ ಬಳಕೆದಾರರಲ್ಲಿ ದಿಗಿಲು ಹುಟ್ಟಿತು. ಮರುವರ್ಷ ವಿಎಂಎಸ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಅದನ್ನು ಮುಂದುವರಿಸುವ ಹಕ್ಕು ಪಡೆಯಿತು. ಅಲ್ಲಿ ಸೇರಿದವರಲ್ಲಿ ಹಲವರು ಡಿಜಿಟಲ್ ಕಂಪನಿಯ ಹಳೆಯ ಎಂಜಿನಿಯರುಗಳು. ಅವರು ಇಡೀ ವ್ಯವಸ್ಥೆಯನ್ನು ಸಾಮಾನ್ಯ ಎಕ್ಸ್86 ಚಿಪ್ಪುಗಳಿಗೆ ಒಗ್ಗಿಸಿ 2022ರಲ್ಲಿ ಬಿಡುಗಡೆ ಮಾಡಿದರು. ಅದು ನಡೆಯುವುದು ಮುಖ್ಯವಾಗಿ ವರ್ಚುವಲ್ ಯಂತ್ರಗಳ ಒಳಗೆ. ನಿಜವಾದ ಡಿಸ್ಕ್ ಯಾವುದೇ ಇರಲಿ, ಮಧ್ಯದ ಪದರ ಓಪನ್‌ವಿಎಂಎಸ್‌ಗೆ ತೋರಿಸುವುದು ಪರಿಚಿತ ಡಿಸ್ಕನ್ನೇ. ನೂರಾರು ಉಪಕರಣಗಳ ಬೆನ್ನುಹತ್ತುವ ಬದಲು ನಾಲ್ಕಾರು ಕಾಲ್ಪನಿಕ ಉಪಕರಣಗಳನ್ನು ನೋಡಿಕೊಂಡರೆ ಸಾಕು.

ಯಂತ್ರದ ಸಮಸ್ಯೆಗೆ ಹೀಗೊಂದು ಪರಿಹಾರವಿದೆ. ಮನುಷ್ಯರ ಸಮಸ್ಯೆಗೆ ಪರಿಹಾರ ಇಷ್ಟು ಸುಲಭವಲ್ಲ. ನಮ್ಮ ಹಳ್ಳಿಗಳ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ಯಾವ ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಕೊನೆಯ ಗದ್ದೆಗೆ ನೀರು ತಲುಪಲು ಎಷ್ಟು ಸಮಯ ಬೇಕು, ಏರಿಯ ಯಾವ ಭಾಗ ದುರ್ಬಲ ಎಂಬುದೆಲ್ಲ ಅವನ ಮನಸ್ಸಿನಲ್ಲಿರುತ್ತಿತ್ತು. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯಿತು. ನೀರಗಂಟಿಯ ಅರಿವು ಅವನೊಂದಿಗೇ ಹೋಯಿತು. ಅಪರೂಪದ ಗಣಕ ವ್ಯವಸ್ಥೆಯ ನಿರ್ವಾಹಕನೂ ಇಂಥವನೇ. ಯಾರಿಗೆ ಯಾವ ಅಧಿಕಾರ ಕೊಡಬೇಕು, ಕ್ಲಸ್ಟರಿನ ಒಟ್ಟು ಮತವನ್ನು ಎಷ್ಟೆಂದು ನಮೂದಿಸಬೇಕು, ಯಾವ ಎಚ್ಚರಿಕೆಯನ್ನು ಕಡೆಗಣಿಸಬಹುದು, ಯಾವುದಕ್ಕೆ ನಡುರಾತ್ರಿಯಾದರೂ ಎದ್ದು ಬರಬೇಕು ಎಂಬ ವಿವೇಕ ಕೈಪಿಡಿಯಿಂದಷ್ಟೇ ಬರುವುದಿಲ್ಲ. ಎಚ್‌ಪಿ ಸುಮಾರು 2009ರಲ್ಲಿ ಓಪನ್‌ವಿಎಂಎಸ್ ಅಭಿವೃದ್ಧಿಯ ಕೆಲಸವನ್ನು ಅಮೆರಿಕದಿಂದ ಬೆಂಗಳೂರಿನ ತಂಡಕ್ಕೆ ವರ್ಗಾಯಿಸಿತ್ತು. ಅಂಥ ವಿದ್ಯೆ ನಮ್ಮ ಊರಿಗೇ ಬಂದಿದ್ದರೂ ಅದನ್ನು ಮುಂದಿನ ಪೀಳಿಗೆಗೆ ದಾಟಿಸುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದಂತಿಲ್ಲ. ವೃತ್ತಿಯ ಬೇಡಿಕೆ ಕುಗ್ಗಿದೆಯೆಂದು ಯುವಕರು ಕಲಿಯುವುದಿಲ್ಲ. ಕಲಿತವರಿಲ್ಲದ ಕಾರಣ ಉಳಿದವರ ಮೇಲೆ ಭಾರ ಹೆಚ್ಚುತ್ತದೆ.

ಇದನ್ನು ಬರೆಯುವಾಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಣಕಾಸು ಪರಿಶೀಲನೆಯ ಹೊಣೆ ಹೊತ್ತಿದ್ದ ಕಚೇರಿಯಲ್ಲಿ ಸಿಬ್ಬಂದಿಯ ವೇತನ ಲೆಕ್ಕಕ್ಕೆ ಹಳೆಯ ಗಣಕವೊಂದಿತ್ತು. ಅದರ ವಾರ್ಷಿಕ ನಿರ್ವಹಣಾ ಒಪ್ಪಂದದ ನವೀಕರಣಕ್ಕೆ ಕಡತ ಬಂದಾಗ ‘ದರ ದುಬಾರಿ, ಇತರ ಸಂಸ್ಥೆಗಳಿಂದ ದರಪಟ್ಟಿ ತರಿಸಿ’ ಎಂದು ಷರಾ ಬರೆದೆ. ಆ ಯಂತ್ರವನ್ನು ಮುಟ್ಟಬಲ್ಲ ಇನ್ನೊಂದು ಸಂಸ್ಥೆ ಊರಿನಲ್ಲೇ ಇರಲಿಲ್ಲ. ಕಡತ ಎಂಟು ತಿಂಗಳು ಮೇಜಿನಿಂದ ಮೇಜಿಗೆ ಅಲೆಯಿತು. ಅಷ್ಟರಲ್ಲಿ ಡಿಸ್ಕ್ ಕೈಕೊಟ್ಟಿತು. ಟೇಪುಗಳಲ್ಲಿ ಪ್ರತಿಯಿತ್ತು, ಆದರೆ ಅವುಗಳನ್ನು ಯಾವ ಕ್ರಮದಲ್ಲಿ ಮರಳಿ ತುಂಬಬೇಕೆಂದು ಬಲ್ಲ ಗುಮಾಸ್ತರು ಆರು ತಿಂಗಳ ಹಿಂದೆ ವರ್ಗವಾಗಿದ್ದರು. ಆ ತಿಂಗಳ ಸಂಬಳವನ್ನು ಕೈಯಲ್ಲಿ ಲೆಕ್ಕ ಹಾಕಿ ಮೂರು ವಾರ ತಡವಾಗಿ ಕೊಟ್ಟೆವು. ಕೆಳದರ್ಜೆಯ ನೌಕರರು ಅಂಗಡಿಯವರಿಗೆ, ಶಾಲೆಗೆ ಹೇಳಿಕೊಳ್ಳಬೇಕಾದ ಸಮಜಾಯಿಷಿಗಳಿಗೆ ನನ್ನ ಷರಾ ಕಾರಣವಾಗಿತ್ತು. ಲೆಕ್ಕಪರಿಶೋಧನೆಯಲ್ಲಿ ನನ್ನ ಮೇಲೆ ಯಾವ ಆಕ್ಷೇಪವೂ ಬರಲಿಲ್ಲ. ಕಾಗದದ ಮೇಲೆ ನಾನು ಹಣ ಉಳಿಸಿದ್ದೆ!

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ನಾವು ಬೆಲೆಯನ್ನು ನೋಡುತ್ತೇವೆ, ಅಪಾಯದ ಬೆಲೆಯನ್ನು ನೋಡುವುದಿಲ್ಲ. ಒಂದೇ ಪೂರೈಕೆದಾರನಿರುವಲ್ಲಿ ಸ್ಪರ್ಧಾತ್ಮಕ ದರ ಕೇಳುವುದು ವ್ಯರ್ಥ. ಆ ಅವಲಂಬನೆಯ ಖರ್ಚನ್ನು ಯಂತ್ರ ಕೊಳ್ಳುವ ದಿನವೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ಹಾಗಾದರೆ ಹಳೆಯದನ್ನೆಲ್ಲ ಕೂಡಲೇ ಕಿತ್ತೊಗೆಯಬೇಕೆ? ಆ ಅವಸರವೂ ದುಬಾರಿ. ದಶಕಗಳ ಕಾಲ ಬೆಳೆದ ತಂತ್ರಾಂಶದಲ್ಲಿ ಕೋಟಾ, ರಿಯಾಯಿತಿ, ಮರುಪಾವತಿ ಕುರಿತ ಸಾವಿರಾರು ನಿಯಮಗಳು ಹುದುಗಿರುತ್ತವೆ. ಅವುಗಳಲ್ಲಿ ಎಷ್ಟೋ ನಿಯಮಗಳು ಬೇರೆಲ್ಲೂ ಬರೆದಿಟ್ಟಂತೆ ಇರುವುದಿಲ್ಲ. ಹೊಸದನ್ನು ಕಟ್ಟುವವರು ಹಳೆಯದನ್ನು ಬಲ್ಲವರನ್ನು ಜೊತೆಗಿಟ್ಟುಕೊಳ್ಳದಿದ್ದರೆ ಆ ನಿಯಮಗಳನ್ನು ಪ್ರಯಾಣಿಕರ ದೂರುಗಳ ಮೂಲಕವೇ ಒಂದೊಂದಾಗಿ ಕಲಿಯಬೇಕಾದೀತು.

ಇದು ರೈಲ್ವೆಗೆ ಸೀಮಿತವಾದ ಮಾತಲ್ಲ. ಖಜಾನೆ, ಭೂದಾಖಲೆ, ವಿದ್ಯುತ್ ಬಿಲ್, ಪಿಂಚಣಿ ಹೀಗೆ ಗಣಕವನ್ನು ನಂಬಿದ ಸೇವೆಗಳೆಲ್ಲವೂ ಒಂದಲ್ಲ ಒಂದು ದಿನ ಈ ಹಂತಕ್ಕೆ ಬರುತ್ತವೆ. ಆದ್ದರಿಂದ ಪ್ರತಿ ಇಲಾಖೆಯೂ ತನ್ನ ಮುಖ್ಯ ಗಣಕ ವ್ಯವಸ್ಥೆಗಳಿಗೆ ತಯಾರಕರ ಬೆಂಬಲ ಎಂದು ಮುಗಿಯುತ್ತದೆಂಬ ಪಟ್ಟಿಯನ್ನು ಆಯವ್ಯಯದ ಜೊತೆಗೆ ಶಾಸನಸಭೆಯ ಮುಂದಿಡಬೇಕು. ಅವುಗಳ ನಿರ್ವಹಣೆಗೆ ಕೊಡುವ ಹಣ ಮಿತವ್ಯಯದ ಆದೇಶ ಬಂದಾಗ ಮೊದಲು ಕತ್ತರಿಸುವ ಬಾಬ್ತು ಆಗಬಾರದು. ಪರಿಣತ ನಿರ್ವಾಹಕರೊಬ್ಬರ ನಿವೃತ್ತಿಗೆ ಎರಡು ವರ್ಷ ಮೊದಲೇ ಉತ್ತರಾಧಿಕಾರಿಯನ್ನು ಅವರ ಜೊತೆಗಿಟ್ಟು ಕಲಿಸಬೇಕು. ಸಾರ್ವತ್ರಿಕ ವರ್ಗಾವಣೆಯ ಹೊಡೆತದಿಂದ ಅವರನ್ನು ಹೊರಗಿಡಬೇಕು. ಬ್ಯಾಕಪ್ ಇದೆಯೆಂಬ ಪ್ರಮಾಣಪತ್ರ ಸಾಲದು; ಅದರಿಂದ ವ್ಯವಸ್ಥೆಯನ್ನು ಮರಳಿ ಕಟ್ಟಿ ತೋರಿಸುವ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಹೊಸ ವ್ಯವಸ್ಥೆ ಬಂದಾಗ ಹಳೆಯದನ್ನು ಕೆಲಕಾಲ ಜೊತೆಜೊತೆಗೇ ನಡೆಸಿ, ಎರಡರ ಲೆಕ್ಕವೂ ತಾಳೆಯಾದ ಮೇಲಷ್ಟೇ ಬೀಳ್ಕೊಡಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ಆಡಳಿತಕ್ಕೆ ಶೋಭೆಯಲ್ಲ.

ಹೊಸ ಯಂತ್ರದ ಉದ್ಘಾಟನೆಗೆ ಸಚಿವರು ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಫಲಕದ ಮೇಲೆ ಹೆಸರು ಕೆತ್ತಿಸುತ್ತಾರೆ. ಅದೇ ಯಂತ್ರವನ್ನು ಹದಿನೈದು ವರ್ಷ ನಿಲ್ಲದಂತೆ ನೋಡಿಕೊಂಡವರ ನಿವೃತ್ತಿಯ ದಿನ ಒಂದು ಹಾರ, ಒಂದು ಗಂಧದ ಪೆಟ್ಟಿಗೆ ಮತ್ತು ಎರಡು ಮಾತಿನ ಭಾಷಣದಲ್ಲಿ ಎಲ್ಲವೂ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಯಾರು ಕುಳಿತಿರುತ್ತಾರೆ, ಅವರಿಗೆ ಏನು ಗೊತ್ತಿರುತ್ತದೆ ಎಂದು ಆ ಸಮಾರಂಭದಲ್ಲಿ ಒಬ್ಬರಾದರೂ ಕೇಳಬೇಕು.