ಮಣ್ಣಿಗೆ ಪೆಟ್ಟು, ಅರಗಿಗೆ ಬಿಸಿಲು: ಆಟಿಕೆಗಳ ಗಂಟು ಕಟ್ಟುವ ಬಗೆ

"ಅಕ್ಕಾರ, ಈ ಡಬ್ಬಿ ಭಾಳ ಹಗರ ಐತ್ರಿ. ಮ್ಯಾಲ ಒಗದ್ಬಿಡ್ಲೇನ್ರಿ?"

ರಾಮದುರ್ಗದ ಮನೆ ಖಾಲಿ ಮಾಡಿ ಬೈಲಹೊಂಗಲಕ್ಕೆ ಹೊರಟ ದಿನ ಟೆಂಪೊದ ಹುಡುಗ ಕೇಳಿದ ಮಾತಿದು. ಅವನ ಕೈಯಲ್ಲಿದ್ದ ಡಬ್ಬಿಯೊಳಗೆ ನಮ್ಮವ್ವನ ಕಾಲದ ಗೋಕಾಕದ ಗೊಂಬೆಗಳಿದ್ದವು. ಮಣ್ಣಿನ ಸೀತಾಫಲ, ಬಾಳೆಹಣ್ಣು, ಬದನೆಕಾಯಿ, ಬೆರಳುದ್ದದ ಒಂದು ಕೆಂಪು ಮೆಣಸಿನಕಾಯಿ. ತಿಜೋರಿ ಎತ್ತಲು ನಾಲ್ಕು ಜನ ಕೂಡುತ್ತಾರೆ, ಫ್ರಿಜ್ಜಿಗೆ ಹಗ್ಗ ಬಿಗಿಯುತ್ತಾರೆ. ಹಗುರ ಡಬ್ಬಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆ ಹುಡುಗನ ತಪ್ಪೂ ಅದರಲ್ಲಿಲ್ಲ. ನಾನು ನಾಲ್ಕು ಸಲ ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ಒಡೆದದ್ದು, ಬಣ್ಣಗೆಟ್ಟದ್ದು, ಕಳೆದದ್ದು ಹೆಚ್ಚಾಗಿ ಮಕ್ಕಳ ಆಟಿಕೆಗಳೇ. ಹಾಗಾಗಿ ಅವನ್ನು ಕಟ್ಟುವ ರೀತಿಯನ್ನು ಒಂದೊಂದಾಗಿ ಕಲಿಯಬೇಕಾಯಿತು.

ನಮ್ಮ ಭಾಗದ ದಾರಿಯ ಬಗ್ಗೆ ಮೊದಲು ಹೇಳಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರಿಗೆ ರೈಲಿಲ್ಲ. ಸಾಮಾನೆಲ್ಲ ರಸ್ತೆಯ ಮೇಲೇ ಹೋಗಬೇಕು. ಕಿತ್ತೂರಿನ ಪಕ್ಕದಲ್ಲಿ ಹೆದ್ದಾರಿ ಇದೆ, ಅಲ್ಲಿ ಚಿಂತೆಯಿಲ್ಲ. ಉಳಿದ ಕಡೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎರಡು ಮೂರು ವರ್ಷಕ್ಕೆ ಅಲೆ ಅಲೆಯಾಗುತ್ತದೆ. ದೊಡ್ಡ ತಗ್ಗು ಬಂದಾಗ ಡ್ರೈವರ್ ಬ್ರೇಕ್ ಹಾಕುತ್ತಾನೆ, ಈ ಸಣ್ಣ ಅಲೆಗಳ ಮೇಲೆ ಹಾಕುವುದಿಲ್ಲ. ಗಂಟೆಗಟ್ಟಲೆ ನಡೆಯುವ ಆ ಕುಲುಕಾಟದಲ್ಲಿ ಒಂದಕ್ಕೊಂದು ತಾಗಿ ತಿಕ್ಕಾಡಿದ ಗೊಂಬೆಗಳ ಮೂಗು ಸವೆದು ಬಿಳಿ ಮಣ್ಣು ಕಾಣುತ್ತದೆ. ಇನ್ನು ವರ್ಗದ ಆರ್ಡರ್ ಬರುವುದು ಮೇ ಇಲ್ಲವೆ ಜೂನ್‌ನಲ್ಲಿ. ಹೊರಡುವಾಗ ಕೆಂಡದಂಥ ಬಿಸಿಲು, ಇಳಿಸುವಾಗ ಮುಂಗಾರು. ಒಂದೇ ವಾರದಲ್ಲಿ ಪೆಟ್ಟು, ಬಿಸಿ, ಹಸಿ ಮೂರೂ ಬಂದು ಹೋಗುತ್ತವೆ.

ಈ ಮೂರನ್ನೂ ಎಲ್ಲ ಆಟಿಕೆಗಳೂ ಒಂದೇ ರೀತಿ ತಡೆಯುವುದಿಲ್ಲ. ಅದಕ್ಕೇ ಆಟಿಕೆಗಳನ್ನು ಯಾರದು, ಎಷ್ಟು ದೊಡ್ಡದು, ಎಷ್ಟು ಬೆಲೆಯದು ಎಂದು ವಿಂಗಡಿಸಬೇಡಿ. ಯಾವುದರಿಂದ ಮಾಡಿದ್ದು ಎಂದು ನೋಡಿ ವಿಂಗಡಿಸಿ. ಹೊರಡುವ ವಾರದ ಮುಂಚೆಯೇ ಒಂದು ಸಂಜೆ ಕೌದಿ ಹಾಸಿ ಎಲ್ಲವನ್ನೂ ಹರವಿಕೊಳ್ಳಿ. ಮಣ್ಣಿನವು ಒಂದು ಕಡೆ, ಅರಗು ಬಣ್ಣದ ಕಟ್ಟಿಗೆಯವು ಒಂದು ಕಡೆ, ಬಟ್ಟೆಯವು, ಪ್ಲಾಸ್ಟಿಕ್ಕಿನವು, ತಗಡಿನವು, ಸೆಲ್ ಹಾಕುವಂಥವು ಬೇರೆ ಬೇರೆ. ಮೊಬೈಲಿನಲ್ಲಿ ಒಂದೊಂದು ಗುಂಪಿನ ಫೋಟೊ ತೆಗೆಯಿರಿ, ಒಂದು ನೋಟುಬುಕ್ಕಿನಲ್ಲಿ ಎಣಿಕೆ ಬರೆಯಿರಿ. ಈ ಎಣಿಕೆಗೆ ಮುಂದೆ ಕೆಲಸವಿದೆ.

ಮಣ್ಣಿನವುಗಳಿಂದ ಶುರು ಮಾಡೋಣ. ಗೋಕಾಕದ ಹಣ್ಣು-ಕಾಯಿಗಳನ್ನು ಕೈಯಲ್ಲಿ ಹಿಡಿದರೆ ಒಳಗೆ ಪೊಳ್ಳೆಂದು ತಿಳಿಯುತ್ತದೆ. ಅವನ್ನು ಮೊಟ್ಟೆ ಎಂದೇ ತಿಳಿಯಿರಿ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ 30 ಮೊಟ್ಟೆಯ ರಟ್ಟಿನ ಟ್ರೇ ಸಿಗುತ್ತದೆ. ಸಣ್ಣ ಹಣ್ಣುಗಳು ಅದರ ಗುಳಿಯಲ್ಲಿ ಸರಿಯಾಗಿ ಕೂರುತ್ತವೆ, ಮೇಲೆ ಇನ್ನೊಂದು ಟ್ರೇ ಬೋರಲು ಹಾಕಿ ದಾರದಿಂದ ಕಟ್ಟಿದರೆ ಆಯಿತು. ಧೂಳು ಕಂಡಿತೆಂದು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹಳೆಯ ಗೊಂಬೆಗಳ ಬಣ್ಣ ಅಂಟಿನಲ್ಲಿ ಕಲಸಿದ್ದು, ನೀರು ತಾಗಿದರೆ ಬಟ್ಟೆಗೇ ಬಂದುಬಿಡುತ್ತದೆ. ಒಣಗಿದ ಮೆತ್ತನೆಯ ಬ್ರಷ್ ಸಾಕು. ಸುತ್ತಲು ದಿನಪತ್ರಿಕೆಯೂ ಬೇಡ. ಅದರ ಮಸಿ ಬಿಸಿಲಿಗೆ ಬಿಟ್ಟು ಬಾಳೆಹಣ್ಣಿನ ಹಳದಿಗೆ ಹತ್ತುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಧೋತರದ ತುಂಡಿಗಿಂತ ಒಳ್ಳೆಯ ಹೊದಿಕೆ ನನಗೆ ಇನ್ನೂ ಸಿಕ್ಕಿಲ್ಲ.

ಮೂರ್ತಿಗಳ ಲೆಕ್ಕ ಬೇರೆ. ಕುದುರೆ ಏರಿ ಕತ್ತಿ ಎತ್ತಿದ ಕಿತ್ತೂರು ಚೆನ್ನಮ್ಮನ ಪ್ಲಾಸ್ಟರ್ ಮೂರ್ತಿ ನಮ್ಮ ಕಡೆ ಎಷ್ಟೋ ಮನೆಗಳ ಷೋಕೇಸಿನಲ್ಲಿದೆ. ಮನೆ ಬದಲಿಸಿದಾಗ ಮೊದಲು ಮುರಿಯುವುದು ಆ ಕತ್ತಿ. ಮುರಿಯುವ ಭಾಗವೆಂದು ನಾವು ಅದಕ್ಕೇ ಹೆಚ್ಚು ಬಟ್ಟೆ ಸುತ್ತಿ ಬಿಗಿಯುತ್ತೇವೆ. ಡಬ್ಬಿ ಕುಲುಕಿದಾಗ ಇಡೀ ಮೂರ್ತಿಯ ಭಾರ ಆ ಬಟ್ಟೆಯ ಮೂಲಕ ತೆಳ್ಳನೆಯ ಕತ್ತಿಯ ಮೇಲೆ ಬೀಳುತ್ತದೆ, ಅದು ಮುರಿಯುತ್ತದೆ. ಆದ್ದರಿಂದ ಆಧಾರವನ್ನು ಗಟ್ಟಿ ಭಾಗಕ್ಕೆ ಕೊಡಬೇಕು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬಿ ನೆನಪಿದೆಯಲ್ಲ, ಹಳೆಯ ಸೀರೆ ಹೊಸೆದು ಅಂಥ ಎರಡು ಸಿಂಬಿ ಮಾಡಿ. ಒಂದರಲ್ಲಿ ಪೀಠ ಕೂರಲಿ, ಇನ್ನೊಂದು ಕುದುರೆಯ ಹೊಟ್ಟೆಯ ಸುತ್ತ ಬಿಗಿಯಾಗಿ ಕೂರಲಿ. ಕತ್ತಿ, ಕುದುರೆಯ ಕಿವಿ, ಎತ್ತಿದ ಕಾಲು ಇವು ಡಬ್ಬಿಯ ಯಾವ ಗೋಡೆಗೂ ತಾಗದಂತೆ ಬಿಡುವಾಗಿರಲಿ. ಈ ರೀತಿ ಕಟ್ಟಿದ ನಮ್ಮ ಚೆನ್ನಮ್ಮ ಎರಡು ಊರು ದಾಟಿದ್ದಾಳೆ, ಕತ್ತಿ ನೆಟ್ಟಗಿದೆ.

ಚನ್ನಪಟ್ಟಣದ ಗೊಂಬೆಗಳು ಪೆಟ್ಟಿಗೆ ಅಷ್ಟಾಗಿ ಹೆದರುವುದಿಲ್ಲ, ಅವುಗಳ ಶತ್ರು ಬಿಸಿಲು. ಅದು ಏಕೆಂದು ತಿಳಿಯಲು ಅವುಗಳಿಗೆ ಬಣ್ಣ ಏರುವ ರೀತಿ ನೋಡಬೇಕು. ಹಾಲೆ ಮರದ ತುಂಡು ಚರಕಿಯಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಮೆತ್ತಿಕೊಳ್ಳುತ್ತದೆ, ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಬಿಸಿಯಿಂದ ಹತ್ತಿದ ಬಣ್ಣ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೈಯಿಟ್ಟು ನೋಡಿ. ಒಂದು ಸಲ ನಾನು ಮಗಳ ಅರಗಿನ ಬಳೆಗಳನ್ನೂ ಬುಗುರಿಗಳನ್ನೂ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಾಗೇ ಬಿಟ್ಟಿದ್ದೆ. ಬಿಚ್ಚಿದಾಗ ಹೊಳೆಯುವ ಬಣ್ಣದ ಮೇಲೆಲ್ಲ ಗುಳ್ಳೆಗಳ ಉಂಗುರ ಅಚ್ಚೊತ್ತಿದ್ದವು. ಅಂದಿನಿಂದ ಅರಗಿನವಕ್ಕೆ ಮೊದಲು ಬಟ್ಟೆ ಇಲ್ಲವೆ ಬಟರ್ ಪೇಪರ್, ಗುಳ್ಳೆ ಪ್ಲಾಸ್ಟಿಕ್ ಬೇಕಿದ್ದರೆ ಅದರ ಮೇಲೆ, ಗುಳ್ಳೆಯ ಬದಿ ಹೊರಗೆ ಮಾಡಿ. ಈ ಡಬ್ಬಿಯನ್ನು ಬೆಳಗಿನ ತಂಪಿನಲ್ಲೇ ಸಾಗಿಸಿ, ತಲುಪಿದ ಕೂಡಲೇ ಮೊದಲು ಇಳಿಸಿ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿದ್ದರೆ ಹಸಿಯಿಂದ ಕಾಪಾಡಿ. ಹಗುರ ಕಟ್ಟಿಗೆಯ ಭಾಗಗಳನ್ನು ಅಲ್ಲಿ ಕಿಟ್ಟದಿಂದ ಜೋಡಿಸುತ್ತಾರೆ. ಗೋಣಿ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ್ದು ಈ ಕಿಟ್ಟ. ಹುಣಸೆ ಅಂಟು ನೀರನ್ನು ಕುಡಿಯುತ್ತದೆ, ಕೀಲುಗಳು ಸಡಿಲಾಗುತ್ತವೆ. ಒಣ ಹವೆಯ ರಾಮದುರ್ಗದಿಂದ ಮಲೆನಾಡಿನ ಅಂಚಿನ ಕಿತ್ತೂರಿಗೆ ಮಳೆಗಾಲದಲ್ಲಿ ಹೋಗುವವರು ಇದನ್ನು ಮರೆಯಬಾರದು. ಕಟ್ಟುವ ಮುಂಚೆ ಗೊಂಬೆಯ ಬುಡ ತಿರುವಿ ನೋಡಿ. ಸೂಜಿ ಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳವಿದೆ. ಅದನ್ನು ಉಳಿದವುಗಳ ಜತೆ ಸೇರಿಸಬೇಡಿ. ಡಾಂಬರ್ ಗುಳಿಗೆಯನ್ನೂ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನೂ ಬಣ್ಣಗಳನ್ನೂ ಮೆತ್ತಗೆ ಮಾಡುತ್ತದೆ. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟರೆ ಸಾಕು.

ಒಳಗೆ ತುಂಬಲು ಪೇಟೆಯಿಂದ ಏನೂ ತರಬೇಕಾಗಿಲ್ಲ. ಬೈಲಹೊಂಗಲ, ಸವದತ್ತಿ ಎಂದರೆ ಹತ್ತಿಯ ಸೀಮೆ, ಅರಳೆ ಸಿಗುವುದು ಕಷ್ಟವಲ್ಲ. ಆದರೆ ಅರಳೆಯನ್ನು ನೇರವಾಗಿ ಗೊಂಬೆಗೆ ತಾಗಿಸಬೇಡಿ. ಎದ್ದ ಬಣ್ಣದ ಚೂರಿಗೆ ಎಳೆ ಸಿಕ್ಕಿಕೊಂಡರೆ ಬಿಡಿಸುವಾಗ ಬಣ್ಣವೂ ಕಿತ್ತು ಬರುತ್ತದೆ. ಮೊದಲು ಬಟ್ಟೆ ಸುತ್ತಿ, ಆಮೇಲೆ ಅರಳೆ. ಶೇಂಗಾ ಸಿಪ್ಪೆಯೂ ಒಳ್ಳೆಯ ಮೆತ್ತೆ. ಹಗುರ, ಒತ್ತಿದರೆ ಸ್ವಲ್ಪ ತಗ್ಗಿ ಪೆಟ್ಟನ್ನು ತಾನೇ ನುಂಗುತ್ತದೆ. ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಹಳೆಯ ದಿಂಬಿನ ಚೀಲಗಳಲ್ಲಿ ತುಂಬಿ ಬಾಯಿ ಹೊಲಿಯಿರಿ. ಒಂದು ಶೇಂಗಾ ಕಾಳೂ ಉಳಿಯದಂತೆ ನೋಡಿಕೊಳ್ಳಿ, ಉಳಿದರೆ ಇಲಿ ದಾರಿ ಹುಡುಕಿಕೊಂಡು ಬರುತ್ತದೆ.

ಪ್ಲಾಸ್ಟಿಕ್ ಆಟಿಕೆ ಗಟ್ಟಿಮುಟ್ಟು, ಹೇಗೂ ತುರುಕಬಹುದೆಂದು ಅನ್ನಿಸುತ್ತದೆ. ಮೆತ್ತನೆಯ ಗೊಂಬೆಗಳ ಪ್ಲಾಸ್ಟಿಕ್ಕಿನಲ್ಲಿ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ, ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗುತ್ತದೆ. ಮುಟ್ಟಿದರೆ ಅಂಟಂಟು ಎನ್ನುವ ಹಳೆಯ ಗೊಂಬೆಗಳು ಇಂಥವೇ. ಅವನ್ನು ಥರ್ಮಾಕೋಲಿಗೆ ತಾಗಿಸಿ ತಿಂಗಳುಗಟ್ಟಲೆ ಇಟ್ಟರೆ ಥರ್ಮಾಕೋಲ್ ಕರಗಿ ಗೊಂಬೆಗೆ ಮೆತ್ತುತ್ತದೆ. ನಡುವೆ ಹತ್ತಿ ಬಟ್ಟೆ ಇರಲಿ. ಚೌಕಾಬಾರದ ಕವಡೆ, ಗೋಟಿ, ಬಿಲ್ಡಿಂಗ್ ಬ್ಲಾಕುಗಳಿಗೆ ಒಂದೊಂದು ಚೀಲ. ಇಸ್ಪೀಟು ಕಟ್ಟಲು ರಬ್ಬರ್ ಬ್ಯಾಂಡ್ ಬೇಡ, ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ, ನೂಲು ಸಾಕು. ಬಟ್ಟೆಯ ಗೊಂಬೆಗಳನ್ನು ಒಗೆದರೆ ಎರಡು ದಿನ ಪೂರ್ತಿ ಒಣಗಿಸಿ, ಇಲ್ಲವಾದರೆ ಬೂಸಲು ಹಿಡಿದೇ ಹೊಸ ಮನೆಗೆ ಬರುತ್ತವೆ.

ಸೆಲ್ಲುಗಳನ್ನು ತಪ್ಪದೆ ತೆಗೆಯಿರಿ. ಕುಲುಕಾಟಕ್ಕೆ ಗುಂಡಿ ಒತ್ತಿ ಗೊಂಬೆ ದಾರಿಯುದ್ದಕ್ಕೂ ಹಾಡುವುದು ಸಣ್ಣ ತೊಂದರೆ, ಒಳಗೆ ಸೋರಿದ ಸೆಲ್ ತಗಡಿನ ಸ್ಪ್ರಿಂಗುಗಳನ್ನೇ ತಿಂದುಹಾಕುತ್ತದೆ. ತೆಗೆದ ಗುಂಡಿ ಸೆಲ್ಲುಗಳನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಹಾಕಿ ದೊಡ್ಡವರ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮನೆ ಬದಲಿಸುವ ಗದ್ದಲದಲ್ಲಿ ಮಕ್ಕಳ ಮೇಲೆ ಯಾರ ಕಣ್ಣೂ ಇರುವುದಿಲ್ಲ. ನುಂಗಿದ ಗುಂಡಿ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ಅಂಥ ಅನುಮಾನ ಬಂದರೆ ಸಾಮಾನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಬೇಕು. ರಿಮೋಟ್ ಕಾರಿನ ಚಾರ್ಜ್ ಮಾಡುವ ಬ್ಯಾಟರಿಯನ್ನೂ ಬಿಸಿಲಿಗೆ ಕಾದ ಟೆಂಪೊದಲ್ಲಿ ಬಿಡಬೇಡಿ.

ಔಷಧಿ ಅಂಗಡಿಯ ರಟ್ಟಿನ ಡಬ್ಬಿಗಳು ಅಳತೆಗೆ ಚಿಕ್ಕವು, ಗಟ್ಟಿ. ರಟ್ಟಿನ ಡಬ್ಬಿಯ ಬಲವೆಲ್ಲ ಅದರ ಮೂಲೆಗಳಲ್ಲಿ, ಆದ್ದರಿಂದ ಮೂಲೆಯ ಮೇಲೆ ಮೂಲೆ ಬರುವಂತೆ ಪೇರಿಸಬೇಕು. ತುಂಬಿ ಮುಚ್ಚಿದ ಮೇಲೆ ಮೆಲ್ಲಗೆ ಅಲುಗಾಡಿಸಿ. ಒಳಗೆ ಸದ್ದಾದರೆ ಬಿಚ್ಚಿ ಇನ್ನಷ್ಟು ತುಂಬಿ. ಟೆಂಪೊದಲ್ಲಿ ಹಿಂಬಾಗಿಲ ಹತ್ತಿರ ಎಲ್ಲಕ್ಕಿಂತ ಹೆಚ್ಚು ಎತ್ತಿ ಹಾಕುತ್ತದೆ. ಆಟಿಕೆಗಳ ಡಬ್ಬಿ ಕ್ಯಾಬಿನ್ನಿನ ಬೆನ್ನಿಗೆ, ಕೆಳಗೆ ಮಡಚಿದ ಕೌದಿಯ ಮೇಲೆ ಇರಲಿ. ಪಕ್ಕದಲ್ಲಿ ತಿಜೋರಿಯಾಗಲಿ ಗ್ಯಾಸ್ ಸಿಲಿಂಡರಾಗಲಿ ಬೇಡ. ಡಬ್ಬಿಯ ನಾಲ್ಕೂ ಬದಿಗೆ ದೊಡ್ಡದಾಗಿ "ಗೊಂಬೆ, ಒಡೀತಾವ" ಎಂದು ಬರೆಯಿರಿ. ಎತ್ತುವವರಾಡುವ ಮಾತಿನಲ್ಲೇ ಬರೆದರೆ ಅವರು ಓದುತ್ತಾರೆ.

ಮಲಪ್ರಭೆಯ ದಂಡೆಯವರಿಗೆ ಇಷ್ಟು ಪುರುಸೊತ್ತು ಸಿಗದೆಯೂ ಹೋಗಬಹುದು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಮನೆಗಳು ಮುಳುಗಿದವು, ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಹೊಳೆಯ ಹತ್ತಿರ ಇರುವವರು ಮಳೆಗಾಲಕ್ಕೆ ಮುಂಚೆಯೇ ಇಂಥ ಗೊಂಬೆಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ ಅಟ್ಟದ ಮೇಲೆ ಇಡುವುದು ಒಳ್ಳೆಯದು. ನೀರು ಕುಡಿದ ಕಟ್ಟಿಗೆ ಗೊಂಬೆಯನ್ನು ಬಿಸಿಲಿಗೆ ಇಟ್ಟರೆ ಸೀಳುತ್ತದೆ, ನೆರಳಿನ ಗಾಳಿಯಲ್ಲಿ ನಿಧಾನವಾಗಿ ಒಣಗಬೇಕು.

ಮಣ್ಣೆತ್ತಿನ ಅಮವಾಸ್ಯೆಯ ಎತ್ತುಗಳನ್ನು ಮಾತ್ರ ಕಟ್ಟುವ ಪ್ರಯತ್ನ ಬೇಡ. ಸುಡದ ಹಸಿಮಣ್ಣು ಒಣಗಿದಾಗಲೇ ಬಿರುಕು ಬಿಟ್ಟಿರುತ್ತದೆ. "ಯವ್ವಾ, ನನ್ನ ಎತ್ತು?" ಎಂದು ಮಗಳು ಅತ್ತಾಗ ಇಬ್ಬರೂ ಹೋಗಿ ಅವನ್ನು ಹೊಳೆಗೆ ಬಿಟ್ಟು ಬಂದೆವು. ಹೊಸ ಊರಿನ ಎರೆಮಣ್ಣಿನಲ್ಲಿ ಬೇರೆ ಜೋಡಿ ಮಾಡಿದೆವು.

ಬಿಚ್ಚುವಾಗ ಚಾಕುವಿನ ತುದಿ ಟೇಪಿನಷ್ಟೇ ಆಳಕ್ಕೆ ಹೋಗಲಿ. ಸುತ್ತಿದ್ದ ಬಟ್ಟೆ, ಅರಳೆ ಯಾವುದನ್ನೂ ನೋಟುಬುಕ್ಕಿನ ಎಣಿಕೆ ಪೂರ್ತಿ ಆಗುವ ತನಕ ಎಸೆಯಬೇಡಿ. ಹಾವಾಡಿಗನ ಹಾವು, ಎತ್ತಿನ ಕೊಂಬು, ಗಾಡಿಯ ಅಚ್ಚಿನ ಕಡ್ಡಿ ಇಂಥವೆಲ್ಲ ಕಳೆಯುವುದು ಕಸದ ಜತೆಗೇ. ಬೈಲಹೊಂಗಲದಲ್ಲಿ ನಮ್ಮ ಗೋಕಾಕದ ಡಬ್ಬಿ ಬಿಚ್ಚಿದ ದಿನ ಎಣಿಕೆಯಲ್ಲಿ ಒಂದು ಕಡಿಮೆ ಬಂತು, ಮೆಣಸಿನಕಾಯಿ. ಮೂರು ದಿನದ ಮೇಲೆ ಒಗೆಯಲು ಹಾಕಿದ್ದ ಧೋತರದ ತುಂಡು ಜಾಡಿಸುವಾಗ ಮಡಿಕೆಯಿಂದ ಅದು ಮಗಳ ಅಂಗೈಗೆ ಬಿತ್ತು, ತೊಟ್ಟೂ ಮುಕ್ಕಾಗಿರಲಿಲ್ಲ.