‘ಏನೂ ಮಾಡಲ್ಲ, ಹೆದರ್ಬೇಡಿ’: ಪಕ್ಕದ ಫ್ಲ್ಯಾಟಿನ ನಾಯಿ, ಬಾಡಿಗೆಗೆ ಇರೋ ನಾವು

ಪುಣೆಯಲ್ಲಿ ‘ಕಾಹೀ ಕರತ್ ನಾಹೀ’, ದಿಲ್ಲಿಯಲ್ಲಿ ‘ಕುಛ್ ನಹೀ ಕರೇಗಾ’, ಚೆನ್ನೈಯಲ್ಲಿ ‘ಒಣ್ಣುಮೇ ಪಣ್ಣಾದು’, ಹೈದರಾಬಾದಿನಲ್ಲಿ ‘ಏಮೀ ಚೆಯ್ಯದು’. ಹೊರ ಊರಿಗೆ ಕೆಲಸಕ್ಕೆ ಬಂದವರು ಅಲ್ಲಿನ ಭಾಷೆಯಲ್ಲಿ ಮೊದಮೊದಲು ಕಲಿಯೋ ವಾಕ್ಯಗಳಲ್ಲಿ ಇದೂ ಒಂದು ಅಂತ ನನಗೆ ಅನುಮಾನ. ಲಿಫ್ಟಿನ ಬಾಗಿಲು ತೆರೆಯುತ್ತೆ, ಚೈನ್ ಇಲ್ಲದ ನಾಯಿ ಮೈಮೇಲೆ ಬರುತ್ತೆ, ಹತ್ತು ಹೆಜ್ಜೆ ಹಿಂದೆ ಯಜಮಾನರು ನಗ್ತಾ ಈ ವಾಕ್ಯ ಹೇಳ್ತಾರೆ.

ಇವತ್ತಿನ ಮಾತು ಈ ಸಾಕುನಾಯಿಗಳ ಬಗ್ಗೆ ಮಾತ್ರ. ಬೀದಿನಾಯಿಗಳ ವಿಚಾರ ಬೇರೆ. 2025ರಲ್ಲಿ ಸುಪ್ರೀಂ ಕೋರ್ಟ್ ಆದೇಶಗಳ ಸುತ್ತ ಅಷ್ಟು ಗಲಾಟೆ ಆಯ್ತಲ್ಲ, ಅದೆಲ್ಲ ಬೀದಿನಾಯಿಗಳದ್ದು. ಯಜಮಾನ ಇರೋ ನಾಯಿಗೆ ಜವಾಬ್ದಾರ ಯಾರು ಅನ್ನೋದರಲ್ಲಿ ಗೊಂದಲವೇ ಇಲ್ಲ. ಆದರೂ ನಮ್ಮವರು ತುಂಬ ಜನ ಈ ವಿಷಯದಲ್ಲಿ ಬಾಯಿ ಬಿಡಲ್ಲ. ಕಾರಣ ಸರಳ. ಅವರು ಫ್ಲ್ಯಾಟಿನ ಮಾಲೀಕರು, ನಾವು ಬಾಡಿಗೆಗೆ ಇರೋರು. ಅವರ ಭಾಷೆ ನಮಗೆ ಅರ್ಧ ಬರುತ್ತೆ, ಜಗಳ ಆಡೋವಷ್ಟು ಬರಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು, ಮುಂದಿನ ಸಲ ರಿನ್ಯೂ ಮಾಡ್ತಾರೋ ಇಲ್ವೋ ಅನ್ನೋ ಅಳುಕು. ಹಾಗಾಗಿ ಮೆಟ್ಟಿಲು ಹತ್ತಿ ಇಳಿಯೋದು ರೂಢಿ ಮಾಡ್ಕೋತೀವಿ, ‘ಆರೋಗ್ಯಕ್ಕೆ ಒಳ್ಳೇದು’ ಅಂತ ಸಮಾಧಾನ ಬೇರೆ.

ಮೊದಲು ಆ ಎದುರಾಗೋ ಕ್ಷಣದ ಬಗ್ಗೆ ಹೇಳ್ತೀನಿ, ಕಾನೂನು ಆಮೇಲೆ ಬರಲಿ.

ಬೊಗಳೋ ನಾಯಿ ಕಚ್ಚಲ್ಲ ಅನ್ನೋ ನಮ್ಮ ಗಾದೆಯನ್ನ ನಂಬ್ಕೊಂಡು ಕೂರಬೇಡಿ. ಬೊಗಳುವ ನಾಯಿಯೂ ಕಚ್ಚುತ್ತೆ. ಇನ್ನೂ ಜಾಸ್ತಿ ಎಚ್ಚರ ಬೇಕಾಗಿರೋದು ಬೊಗಳೋದು ನಿಲ್ಲಿಸಿ ಮೈ ಬಿಗಿ ಮಾಡಿ ನಿಂತ ನಾಯಿಗೆ. ಕಣ್ಣು ಒಂದೇ ಕಡೆ ನೆಟ್ಟಿರುತ್ತೆ, ತುಟಿ ಮೇಲೆದ್ದಿರುತ್ತೆ, ಗಂಟಲಿನಿಂದ ಸಣ್ಣ ಗುರ್ ಅನ್ನೋ ಸದ್ದು. ಬಾಲ ಅಲ್ಲಾಡ್ತಿದ್ರೆ ಪ್ರೀತಿ ಅಂತಲೂ ಅಲ್ಲ. ಸಡಿಲವಾಗಿ ಇಡೀ ಸೊಂಟದ ಜೊತೆ ಅಲ್ಲಾಡೋ ಬಾಲ ಬೇರೆ, ನೆಟ್ಟಗೆ ನಿಂತು ಸಣ್ಣಗೆ ನಡುಗೋ ಬಾಲ ಬೇರೆ. ಎರಡನೆಯದು ಉದ್ವೇಗ.

ಓಡಬೇಡಿ. ಓಡೋದನ್ನ ಅಟ್ಟಿಸಿಕೊಂಡು ಹೋಗೋದು ನಾಯಿಯ ಸ್ವಭಾವ, ಓಟದಲ್ಲಿ ನಾವು ಗೆಲ್ಲಲ್ಲ. ಊರಲ್ಲಿ ಮಾಡೋ ಹಾಗೆ ‘ಹಚಾ’ ಅಂತ ಕೈ ಬೀಸಿ ಕಲ್ಲು ಎತ್ತಿದಂಗೆ ಬಗ್ಗೋದು ಬೀದಿನಾಯಿ ಹತ್ರ ಕೆಲವು ಸಲ ನಡೆಯುತ್ತೆ. ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನಾಯಿಗೂ ಹಿಂದೆ ಸರಿಯೋಕೆ ಜಾಗ ಇರಲ್ಲ, ಹೆದರಿಸಿದ್ರೆ ಅದು ಮುಂದಕ್ಕೇ ಬರುತ್ತೆ. ನಿಂತಲ್ಲೇ ನಿಲ್ಲಿ, ಸ್ವಲ್ಪ ಓರೆಯಾಗಿ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈಗಳು ಮೈಗೆ ಅಂಟಿಕೊಂಡಿರಲಿ. ಲ್ಯಾಪ್‌ಟಾಪ್ ಬ್ಯಾಗನ್ನ ಮೊಣಕಾಲಿನ ಮುಂದೆ ಹಿಡೀರಿ. ಕಚ್ಚಿದ್ರೂ ಬ್ಯಾಗನ್ನ ಕಚ್ಚಲಿ. ನಾಯಿ ಆಸಕ್ತಿ ಕಳ್ಕೊಂಡ ಮೇಲೆ ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಹೋಗಿ. ಬಿದ್ದರೆ ಮುದುಡಿಕೊಂಡು ಎರಡು ಕೈಯಿಂದ ಕತ್ತು, ಕಿವಿ ಮುಚ್ಚಿಕೊಳ್ಳಿ. ಮಕ್ಕಳಿಗೆ ‘ಮರದ ಹಾಗೆ ನಿಂತ್ಕೋ’ ಅಂತ ಆಟದ ಥರ ಕಲಿಸಿ, ಮನೆಯಲ್ಲೇ ನಾಲ್ಕು ಸಲ ಆಡಿಸಿ. ಮಕ್ಕಳಿಗೆ ಕಚ್ಚೋದು ಎಷ್ಟೋ ಸಲ ಮುಖಕ್ಕೆ, ಯಾಕಂದ್ರೆ ನಾಯಿಯ ಬಾಯಿ ಇರೋ ಎತ್ತರದಲ್ಲೇ ಅವರ ಮುಖ ಇರುತ್ತೆ.

ಈಗ ಕಾನೂನು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 291ನೇ ಕಲಂ (ಹಳೇ 289) ನಮಗೆ ಬೇಕಾದ್ದು. ತನ್ನ ವಶದಲ್ಲಿರೋ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಸಂಭವನೀಯ ಅಪಾಯ ಇದ್ದು, ಅದನ್ನ ತಡೆಯೋಕೆ ಬೇಕಾದಷ್ಟು ಕ್ರಮವನ್ನ ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ತೆಗೆದುಕೊಳ್ಳದೆ ಇದ್ರೆ ಅದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇದನ್ನ ಎರಡು ಸಲ ಓದಿ. ‘ಕಚ್ಚಿದರೆ’ ಅಂತ ಎಲ್ಲೂ ಇಲ್ಲ. ‘ಇನ್ನೂ ಕಚ್ಚಿಲ್ವಲ್ಲ, ಕಚ್ಚಿದ ಮೇಲೆ ಬನ್ನಿ’ ಅಂತ ಹೇಳೋರಿಗೆ ಉತ್ತರ ಇಲ್ಲೇ ಇದೆ. ಕಾನೂನು ಕೇಳೋದು ಅಪಾಯ ಸಂಭವನೀಯವಾಗಿತ್ತಾ ಅಂತ.

ತೀವ್ರ ಗಾಯ ಅಂದ್ರೆ ಏನು ಅನ್ನೋದಕ್ಕೆ 116ನೇ ಕಲಂ ನೋಡಬೇಕು. ಮೂಳೆ ಮುರಿಯೋದು, ಕೀಲು ತಪ್ಪೋದು ಎರಡೂ ಆ ಪಟ್ಟಿಯಲ್ಲಿವೆ. ಇದು ನನಗೆ ಯಾಕೆ ಮುಖ್ಯ ಆಯ್ತು ಅಂದ್ರೆ, ನಮ್ಮ ಮಹಡಿಯ ನಾಯಿ ಯಾರಿಗೂ ಕಚ್ಚಿರಲಿಲ್ಲ. ಊರಿಂದ ಎರಡು ತಿಂಗಳು ಇರೋಕೆ ಬಂದಿದ್ದ ಅವ್ವನ ಎದೆ ಮೇಲೆ ಕಾಲಿಟ್ಟು ಹಾರಿತು, ಅವ್ವ ಗೋಡೆಗೆ ಒರಗಿ ಹೇಗೋ ನಿಂತ್ಕೊಂಡ್ರು. ಅವ್ವನಿಗೆ ಅರವತ್ತನಾಲ್ಕು ವರ್ಷ. ಆ ವಯಸ್ಸಲ್ಲಿ ಬಿದ್ದು ಸೊಂಟದ ಮೂಳೆ ಮುರಿದ್ರೆ ಮೊದಲಿನ ಹಾಗೆ ಓಡಾಡೋದು ಕಷ್ಟ. ಅಲ್ಲಿಂದ ಅವ್ವ ಕೆಳಗೆ ಇಳಿಯೋದನ್ನೇ ಬಿಟ್ರು. ಸಂಜೆ ಪಾರ್ಕಿನಲ್ಲಿ ವಿಜಯಪುರ ಕಡೆಯ ಇಬ್ಬರು ಗೆಳತಿಯರು ಸಿಕ್ಕಿದ್ರು, ಅದೂ ನಿಂತೋಯ್ತು. ‘ಕಚ್ಚಲ್ಲ’ ಅನ್ನೋದು ನಿಜವೇ ಇರಬಹುದು. ಮೂವತ್ತು ಕಿಲೋ ತೂಕದ ನಾಯಿ ಪ್ರೀತಿಯಿಂದಲೇ ಹಾರಿದ್ರೂ ಮುದುಕರು ಬೀಳ್ತಾರೆ.

ನಾಯಿ ಸಾಕಿದ್ದು ಎದುರು ಮನೆ ಕಾಕಾ ಅಲ್ಲ, ಅವರ ಮಗ. ಮಗ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ, ನಾಯಿ ಉಳೀತು. ಕಾಕಾಗೆ ಎಪ್ಪತ್ತು ದಾಟಿದೆ. ಚೈನ್ ಹಾಕಿದ್ರೆ ನಾಯಿ ಅವರನ್ನೇ ಎಳ್ಕೊಂಡು ಹೋಗುತ್ತೆ, ಅದಕ್ಕೆ ಅವರು ಚೈನ್ ಹಾಕೋದೇ ಬಿಟ್ಟಿದ್ರು. ಇದು ಕೇಳಿದ ಮೇಲೆ ಸಿಟ್ಟು ಎಲ್ಲಿಡಬೇಕು ಅಂತಲೇ ಗೊತ್ತಾಗಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ಎದುರಿಗೆ ಇರೋರು ಖಳನಾಯಕರಲ್ಲ, ತಮ್ಮ ಕೈಮೀರಿದ್ದನ್ನ ಒಪ್ಕೊಳ್ಳೋಕೆ ಆಗದವರು.

ಮೊದಲು ಬಾಯಿಮಾತು. ನಾಯಿ ಇಲ್ಲದ ಹೊತ್ತಿನಲ್ಲಿ, ಒಬ್ಬರೇ ಹೋಗಿ, ಕುಳಿತು. ‘ನಿಮ್ಮ ನಾಯಿ ಕೆಟ್ಟದ್ದು’ ಅನ್ನಬೇಡಿ, ಅದು ಅವರ ಮನೆ ಮಗು. ಎರಡೇ ಬೇಡಿಕೆ ಇಡಿ: ಬಾಗಿಲು ತೆಗೆಯೋ ಮುಂಚೆ ಚೈನ್, ಲಿಫ್ಟ್ ಹತ್ರ ಗಿಡ್ಡ ಹಿಡಿತ. ನಾಯಿಯನ್ನ ಕಳಿಸಿಬಿಡಿ ಅಂತ ಕೇಳಿದ ತಕ್ಷಣ ಅದು ನಾಯಿಪ್ರಿಯರು ಮತ್ತು ನಾಯಿದ್ವೇಷಿಗಳ ಯುದ್ಧ ಆಗುತ್ತೆ, ಸೊಸೈಟಿ ವಾಟ್ಸಾಪ್ ಗ್ರೂಪಿನಲ್ಲಿ ನಾನೂರು ಮೆಸೇಜು ಬೀಳುತ್ತೆ, ಚೈನ್ ಮಾತ್ರ ಬೀಳಲ್ಲ.

ಆಮೇಲೆ ಬರಹ. ಇದನ್ನ ಯಾರೂ ಮಾಡಲ್ಲ, ಎಲ್ಲಕ್ಕಿಂತ ಕೆಲಸಕ್ಕೆ ಬರೋದು ಇದೇ. ಮಾತಾಡಿ ಬಂದ ಮೇಲೆ ಅವರೊಬ್ಬರಿಗೇ ಒಂದು ಮೆಸೇಜು ಹಾಕಿ. ಇಂಥ ತಾರೀಖು, ಇಷ್ಟು ಗಂಟೆಗೆ, ನಾಲ್ಕನೇ ಮಹಡಿ ಲಿಫ್ಟ್ ಮುಂದೆ ಹೀಗಾಯ್ತು, ಈ ಎರಡು ವಿಷಯ ಮಾತಾಡಿದ್ವಿ, ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಬೆದರಿಕೆ ಬೇಡ, ಕಲಂ ನಂಬರ್ ಬೇಡ. ಈ ಮೆಸೇಜಿನಿಂದ ಏನಾಗುತ್ತೆ ಅಂದ್ರೆ, ಅಲ್ಲಿಂದ ಮುಂದೆ ಅವರು ‘ನನಗೆ ಗೊತ್ತಿರಲಿಲ್ಲ’ ಅನ್ನೋ ಹಾಗಿಲ್ಲ. 291ರ ‘ಗೊತ್ತಿದ್ದೂ’ ಅನ್ನೋ ಪದಕ್ಕೆ ಬೇಕಾದ ಪುರಾವೆ ಆ ಮೆಸೇಜು. ಮೂರು ಸಲ ಹೀಗೇ ಆದರೆ ‘ಸಂಭವನೀಯ’ ಅನ್ನೋ ಪದಕ್ಕೂ ಪುರಾವೆ ಸಿಕ್ಕಿತು. ನಮಗೆ ಇದು ಹೊಸದೇನಲ್ಲ. ಲಾಗ್ ಇಲ್ಲದ ಬಗ್ಗಿನ ಟಿಕೆಟ್ಟನ್ನ ಯಾವ ಟೀಮೂ ತಗೊಳ್ಳಲ್ಲ.

ಪ್ರತಿ ಘಟನೆಗೂ ಫೋನಿನಲ್ಲಿ ಒಂದು ಸಾಲು ಬರೆದಿಡಿ: ದಿನ, ಹೊತ್ತು, ಜಾಗ, ಯಾರು ನೋಡಿದ್ರು. ಸಿಸಿಟಿವಿ ಇದ್ರೆ ಅದೇ ದಿನ ಸೊಸೈಟಿ ಆಫೀಸಿಗೆ ಇಮೇಲ್ ಮಾಡಿ ಆ ಹತ್ತು ನಿಮಿಷದ ರೆಕಾರ್ಡಿಂಗ್ ಉಳಿಸಿ ಅಂತ ಕೇಳಿ. ಆ ಡಬ್ಬಿಗಳು ಕೆಲವೇ ದಿನಕ್ಕೆ ಹಳೇದರ ಮೇಲೆ ಹೊಸದನ್ನ ಬರೀತವೆ.

ನಮ್ಮ ಕಾಕಾ ವಿಷಯದಲ್ಲಿ ಎರಡನೇ ಮೆಸೇಜಿಗೆ ಉತ್ತರ ಬಂದಿದ್ದು ಮಗನಿಂದ, ಹೊರದೇಶದಿಂದ. ಕಾಕಾ ಆ ಮೆಸೇಜನ್ನ ಹಾಗೇ ಅವನಿಗೆ ಕಳಿಸಿದ್ರಂತೆ. ಅವನು ನಾಯಿ ವಾಕಿಂಗಿಗೆ ಹುಡುಗನೊಬ್ಬನನ್ನ ಗೊತ್ತು ಮಾಡಿದ, ಮನೆ ಬಾಗಿಲಿನ ಹೊರಗೆ ಇನ್ನೊಂದು ಗ್ರಿಲ್ ಗೇಟ್ ಹಾಕಿಸಿದ. ಕುತ್ತಿಗೆ ಪಟ್ಟಿ ಬದಲು ಎದೆಗೆ ಹಾಕೋ ಹಾರ್ನೆಸ್ ಬಂತು, ಅದರ ಕೊಂಡಿ ಮುಂದುಗಡೆ ಇರೋದ್ರಿಂದ ನಾಯಿ ಎಳೆದ್ರೆ ಪಕ್ಕಕ್ಕೆ ತಿರುಗುತ್ತೆ, ವಯಸ್ಸಾದವರೂ ಹಿಡಿಯಬಹುದು. ನಾಯಿ ಈಗಲೂ ಗ್ರಿಲ್ ಒಳಗಿಂದ ಬೊಗಳುತ್ತೆ. ಬೊಗಳಲಿ.

ಕಮಿಟಿ ಕಡೆಯಿಂದ ಏನು ಸಾಧ್ಯ ಅನ್ನೋದೂ ತಿಳಿದಿರಲಿ. ಬಹುಮತದ ಠರಾವು ಮಾಡಿ ಸಾಕುಪ್ರಾಣಿ ನಿಷೇಧಿಸೋಕೆ ಸೊಸೈಟಿಗೆ ಅಧಿಕಾರ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಸಾರ್ವಜನಿಕ ಜಾಗದಲ್ಲಿ ಚೈನ್ ಹಾಕಿ ಅಂತ ಮಾಲೀಕರಿಗೆ ಹೇಳಿರೋದೂ ಅದೇ ಸುತ್ತೋಲೆ. ಎರಡನೇ ಭಾಗವನ್ನ ನಾಯಿ ಇರೋರು ಓದಲ್ಲ, ಮೊದಲನೇ ಭಾಗವನ್ನ ಕಮಿಟಿಯವರು ಓದಲ್ಲ. ಇನ್ನು ‘ಈ ತಳಿಯೇ ಬ್ಯಾನ್ ಆಗಿದೆ ಕಣ್ರೀ’ ಅನ್ನೋ ಫಾರ್ವರ್ಡ್. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿದ್ದು ನಿಜ. ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನ ರದ್ದು ಮಾಡಿತು. ತಳಿ ವಾದ ಬಿಟ್ಟು ವರ್ತನೆ ಬಗ್ಗೆ ಮಾತಾಡಿ. ಬಾಡಿಗೆಗೆ ಇರೋರು ಕಮಿಟಿಗೆ ಬರೆಯುವಾಗ ನಿಮ್ಮ ಫ್ಲ್ಯಾಟಿನ ಓನರ್‌ಗೂ ಪ್ರತಿ ಕಳಿಸಿ. ಸೊಸೈಟಿಯ ಸದಸ್ಯರು ಅವರು, ಅವರಿಂದ ಒಂದು ಫೋನ್ ಹೋದರೆ ಕಮಿಟಿ ಎದ್ದು ಕೂರುತ್ತೆ.

ವಿಷ ಹಾಕೋದು, ಕಾಲು ಮುರಿಯೋದು ಇಂಥ ಯೋಚನೆ ಯಾರಿಗಾದ್ರೂ ಬಂದ್ರೆ: ಪ್ರಾಣಿಯನ್ನ ಕೊಂದರೆ, ಅಂಗಹೀನ ಮಾಡಿದರೆ 325ನೇ ಕಲಂ, ಐದು ವರ್ಷದವರೆಗೆ ಜೈಲು. ತಪ್ಪು ಅವರದ್ದಾಗಿ ಶಿಕ್ಷೆ ನಿಮಗೆ.

ಕಚ್ಚಿದ್ರೆ ಜಗಳ ಆಮೇಲೆ, ನಲ್ಲಿ ಮೊದಲು. ಹರಿಯೋ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೀರಿ, ಗಡಿಯಾರ ನೋಡ್ಕೊಂಡು. ಹದಿನೈದು ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತೆ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮ ಸೀಳಿ ರಕ್ತ ಬಂದಿದ್ರೆ ಲಸಿಕೆ ಜೊತೆಗೆ ಗಾಯದ ಸುತ್ತ ಕೊಡೋ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಅದು ಎಲ್ಲ ಆಸ್ಪತ್ರೆಯಲ್ಲೂ ಇರಲ್ಲ, ಫೋನ್ ಮಾಡಿ ಕೇಳ್ಕೊಂಡು ಹೋಗಿ. ಲಸಿಕೆ ತೋಳಿನ ಮಾಂಸಖಂಡಕ್ಕೆ ಕೊಡೋದಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡೋದಾದರೆ 0, 3, 7, 28. ಮೂರು ಆದ ಮೇಲೆ ಸ್ಪ್ರಿಂಟ್ ಬ್ಯುಸಿ ಅಂತ ಬಿಡೋರಿದ್ದಾರೆ, ಬಿಡಬೇಡಿ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಅಂದ್ರೆ ಕಾರ್ಡು ಕೇಳಿ ಡಾಕ್ಟರಿಗೆ ತೋರಿಸಿ, ತೀರ್ಮಾನ ಡಾಕ್ಟರದ್ದು. ನಾಯಿಯನ್ನ ಹತ್ತು ದಿನ ಗಮನಿಸಬೇಕು ಅನ್ನೋದು ಸರಿ, ಆದರೆ ಹತ್ತು ದಿನ ಕಾದು ಚಿಕಿತ್ಸೆ ಶುರು ಮಾಡೋದಲ್ಲ, ಶುರು ಮಾಡಿ ಗಮನಿಸೋದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನಬೇಕು.

ಆಸ್ಪತ್ರೆಯ ಚೀಟಿಯಲ್ಲಿ ‘ನಾಯಿ ಕಡಿತ, ಸಾಕುನಾಯಿ’ ಅಂತ ಬರೆಸ್ಕೊಳ್ಳಿ. ಆ ಚೀಟಿ, ನಿಮ್ಮ ಹಳೇ ಮೆಸೇಜುಗಳು, ಸಿಸಿಟಿವಿ ಮೂರೂ ಹಿಡ್ಕೊಂಡು ಸ್ಟೇಷನ್ನಿಗೆ ಹೋದ್ರೆ ಮಾತು ಬೇರೆ ಥರ ನಡೆಯುತ್ತೆ. ದೂರು ಇಂಗ್ಲಿಷಿನಲ್ಲಿ ಬರೆದು ಕೊಡಬಹುದು, ಮರಾಠಿಯೋ ತಮಿಳೋ ಬರಲ್ಲ ಅಂತ ಹಿಂಜರಿಯಬೇಡಿ. ತಗೊಳ್ಳದೆ ವಾಪಸ್ ಕಳಿಸಿದ್ರೆ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಮೇಲಿನ ಅಧಿಕಾರಿಗೆ ಪೋಸ್ಟಿನಲ್ಲಿ ಕಳಿಸಬಹುದು. ಅಪಾಯಕಾರಿ ಪ್ರಾಣಿಯನ್ನ ಕಟ್ಟಿಹಾಕಿ ಅಂತ ಆದೇಶ ಮಾಡೋ ಅಧಿಕಾರ ಅದೇ ಸಂಹಿತೆಯ 152ನೇ ಕಲಮಿನಲ್ಲಿ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ಇದೆ. ಕಚ್ಚದೇ ಇದ್ದರೂ ಇದು ಅನ್ವಯಿಸುತ್ತೆ.

ಇದಕ್ಕೂ ಮುಂಚೆ ಒಂದು ಸಣ್ಣ ದಾರಿ ಇದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎಲ್ಲ ಪಾಲಿಕೆಗಳಲ್ಲೂ ಸಾಕುನಾಯಿಗೆ ಲೈಸೆನ್ಸ್ ಅಥವಾ ನೋಂದಣಿ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ದಾಖಲೆ ಕೇಳ್ತಾರೆ. ಎಷ್ಟೋ ಮನೆಗಳಲ್ಲಿ ಅದನ್ನ ಮಾಡಿಸಿರಲ್ಲ. ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಆನ್‌ಲೈನಿನಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಎಲ್ಲಿ ಕಾಗದ ಕೊಟ್ಟರೂ ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ತಾರೀಖು ಇರೋ ಸೀಲು ಹಾಕಿಸ್ಕೊಂಡೇ ಹೊರಗೆ ಬನ್ನಿ.